ಕಂಪ್ಯೂಟರ್ ಮಾನಿಟರ್: ಅಳತೆ, ಪ್ಯಾನೆಲ್ ಮತ್ತು ಕನ್ನಡದ ಓದು

ಮಾನಿಟರ್ ಕೊಳ್ಳುವವರು ಗಮನಿಸುವ ಸಂಗತಿಗಳು ಮುಖ್ಯವಾಗಿ ಎರಡು. ಮೂಲೆಯಿಂದ ಮೂಲೆಗೆ ಇಂಚಿನಲ್ಲಿ ಅಳೆಯುವ ಪರದೆಯ ಉದ್ದ ಒಂದು, ಚಿತ್ರ ಮೂಡಿಸುವ ಫಲಕದ ಬಗೆ, ಅಂದರೆ ಪ್ಯಾನೆಲ್, ಇನ್ನೊಂದು. ಶಿವಮೊಗ್ಗ ನಗರದಲ್ಲೂ ಸುಮಾರು 20 ಕಿ.ಮೀ. ಆಚೆಯ ಭದ್ರಾವತಿಯಲ್ಲೂ ಈ ಆಯ್ಕೆಯ ಚರಿತ್ರೆ ಬಹುಪಾಲು ಕನ್ನಡದ ಅಕ್ಷರ ಪರದೆಯ ಮೇಲೆ ನೆಟ್ಟಗೆ ಮೂಡಲು ಪಟ್ಟ ಪಾಡಿನ ಚರಿತ್ರೆಯೇ. ಅಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ ‘ಎಷ್ಟು ಇಂಚು?’ ಎಂಬುದಾದರೂ ಕನ್ನಡ ಓದುವವರಿಗೆ ಅದು ಎರಡನೆಯ ಪ್ರಶ್ನೆ.

ಮೊದಲ ಮಾನಿಟರ್‌ಗಳೆಲ್ಲ ಸಿಆರ್‌ಟಿ, ಜನರ ಬಾಯಲ್ಲಿ ‘ಡಬ್ಬಾ ಮಾನಿಟರ್’. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ 1897ರಲ್ಲಿ ರೂಪಿಸಿದ ಕೊಳವೆಯೇ ಇದರ ಮೂಲ. ಹೇಳುವ ಅಳತೆಗೂ ಕಾಣುವ ಅಳತೆಗೂ ಇದರಲ್ಲಿ ತಾಳೆಯಿರಲಿಲ್ಲ. ಗಾಜಿನ ಅಂಚು ಚೌಕಟ್ಟಿನೊಳಗೆ ಮರೆಯಾಗುತ್ತಿದ್ದುದರಿಂದ 15 ಇಂಚಿನದೆಂದು ಮಾರುತ್ತಿದ್ದ ಪರದೆಯಲ್ಲಿ ಕಾಣುತ್ತಿದ್ದುದು 14 ಇಂಚಿಗೂ ಕಡಿಮೆ. ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದಲ್ಲಿ ಪರದೆಯನ್ನು 80 ಅಡ್ಡಮನೆ, 25 ಸಾಲುಗಳಾಗಿ ಹಂಚಲಾಗಿತ್ತು. 1987ರಲ್ಲಿ ಬಂದ ವಿಜಿಎಯಲ್ಲಿ ಒಂದು ಮನೆಗೆ ಸಿಗುತ್ತಿದ್ದುದು 9 ಚುಕ್ಕೆ ಅಗಲ, 16 ಚುಕ್ಕೆ ಎತ್ತರ. ಇಂಗ್ಲಿಷ್ ಅಕ್ಷರಕ್ಕೆ ಅದು ಧಾರಾಳವಾಯಿತು. ‘ರಾಷ್ಟ್ರ’ದ ಎರಡು ಒತ್ತಕ್ಷರಗಳಿಗೆ, ‘ಸ್ತ್ರೀ’ಯ ಒತ್ತು, ದೀರ್ಘಗಳಿಗೆ ಅಲ್ಲಿ ಜಾಗವೆಲ್ಲಿ? ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕಂಪ್ಯೂಟರಿನೊಳಗೆ ಪ್ರತ್ಯೇಕ ಕಾರ್ಡ್ ಸೇರಿಸಿ ಭಾರತೀಯ ಲಿಪಿಗಳನ್ನು ತಾನೇ ಬರೆದು ಪರದೆಗೆ ಕಳಿಸುವುದು. ವಿಂಡೋಸ್ ಬಂದ ಮೇಲೆ ಪರದೆಯಿಡೀ ಚಿತ್ರವಾಗಿ, ಮನೆಗಳ ಕಟ್ಟು ಕಳಚಿತು. 1998ರ ‘ಬರಹ’, ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಡಿಟಿಪಿ ಅಂಗಡಿಗಳನ್ನೂ ಸರ್ಕಾರಿ ಕಚೇರಿಗಳನ್ನೂ ಹೊಕ್ಕವು.

ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳ ರೈತರು ಮಾನಿಟರನ್ನು ತಮ್ಮ ಕೆಲಸಕ್ಕೆಂದೇ ಎದುರುಗೊಂಡದ್ದು ಜಮೀನು ದಾಖಲೆಗಳ ‘ಭೂಮಿ’ ಯೋಜನೆಯಲ್ಲಿ. ರಾಜ್ಯದ 177 ತಾಲ್ಲೂಕುಗಳ ಪಹಣಿಗಳು ಕಂಪ್ಯೂಟರಿಗೇರಿ, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಅಚ್ಚಾದ ಪ್ರತಿ ಸಿಗತೊಡಗಿತು. ಈ ಕೌಂಟರಿನ ವಿನ್ಯಾಸದಲ್ಲಿ ಒಂದು ಜಾಣತನವಿತ್ತು. ಸಿಬ್ಬಂದಿಯ ಮುಂದಿನ ಪರದೆಯಲ್ಲದೆ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನೂ ಇಡಲಾಯಿತು. ಸರ್ವೆ ನಂಬರು, ಹಿಸ್ಸೆ, ಖಾತೆದಾರನ ಹೆಸರು ಹೇಗೆ ನಮೂದಾಗುತ್ತಿದೆ ಎಂಬುದನ್ನು ಆತ ಎದುರಿಗೇ ನೋಡಬಹುದಿತ್ತು. ಪರದೆ ಯಾರ ಕಣ್ಣಿಗಾಗಿ ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಎತ್ತಿದ ಸರ್ಕಾರಿ ಯೋಜನೆ ವಿರಳ. ಇಂಥ ಜಾಗಕ್ಕೆ ಪ್ಯಾನೆಲ್ ಆರಿಸುವಾಗ ನೋಟದ ಕೋನವೇ ಮುಖ್ಯ, ಏಕೆಂದರೆ ನೋಡುವವರು ನೇರ ಎದುರಿಗೆ ಕೂತಿರುವುದಿಲ್ಲ, ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಇಣುಕುತ್ತಿರುತ್ತಾರೆ. ಸಿಆರ್‌ಟಿಗೆ ಓರೆಯಿಂದ ನೋಡಿದರೆ ಚಿತ್ರ ಕೆಡುವ ತೊಂದರೆ ಇರಲಿಲ್ಲ. ಅದರ ಜಾಗಕ್ಕೆ ಬಂದ ಅಗ್ಗದ ಎಲ್‌ಸಿಡಿಗಳಲ್ಲಿ ಅದು ಕಾಣಿಸಿಕೊಂಡಿತು.

ಎಲ್‌ಸಿಡಿಯ ಮೂಲವಸ್ತು ದ್ರವ ಸ್ಫಟಿಕ. ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಇದನ್ನು 1888ರಲ್ಲಿ ಗುರುತಿಸಿದ. ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್‌ಫ್ರಿಕ್ 1970ರಲ್ಲಿ ಅದರಿಂದ ಚಿತ್ರ ಮೂಡಿಸುವ ಟಿಎನ್ ವಿಧಾನವನ್ನು ರೂಪಿಸಿದರು. ಅದು ಅಗ್ಗ, ಚುರುಕು. ಆದರೆ ಮೇಲೆ ಕೆಳಗೆ ವಾಲಿ ನೋಡಿದರೆ ಬಣ್ಣ ತಿರುಗಿಹೋಗುತ್ತದೆ. ಈ ದೋಷವನ್ನು ಕಡಿಮೆ ಮಾಡಿದ ವಸ್ತುವಿನ ಬೇರು ಕರ್ನಾಟಕದಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ 1977ರಲ್ಲಿ ಬಿಲ್ಲೆಯಾಕಾರದ ಅಣುಗಳ ದ್ರವ ಸ್ಫಟಿಕವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳೇ ಬೇಕೆಂಬ ನಂಬಿಕೆಯಿತ್ತು. ಜಪಾನಿನ ಫ್ಯೂಜಿ ಕಂಪನಿ 1990ರ ದಶಕದಲ್ಲಿ ಇದೇ ಜಾತಿಯ ಅಣುಗಳಿಂದ ತೆಳುಹಾಳೆ ಮಾಡಿ ಟಿಎನ್ ಪ್ಯಾನೆಲ್‌ಗಳಿಗೆ ಅಂಟಿಸಿ ನೋಟದ ಕೋನವನ್ನು ಅಗಲಿಸಿತು. ಮಾನಿಟರ್‌ಗಳ ಚರಿತ್ರೆ ಬರೆಯುವವರು ಈ ಬೆಂಗಳೂರಿನ ಕೊಂಡಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಬಿಡುವಂಥದ್ದಲ್ಲ.

ಹಿಟಾಚಿ 1990ರ ದಶಕದ ನಡುವೆ ಮಾರುಕಟ್ಟೆಗೆ ತಂದ ಐಪಿಎಸ್ ಪ್ಯಾನೆಲ್ ಪಕ್ಕದಿಂದ ನೋಡಿದರೂ ಬಣ್ಣ ಕೆಡಿಸದು. ಫ್ಯುಜಿತ್ಸು ಬೆಳೆಸಿದ ವಿಎ ಬಗೆಯಲ್ಲಿ ಕಪ್ಪು ಹೆಚ್ಚು ಕಪ್ಪು. ಕೊಡಕ್‌ನ 1987ರ ಸಂಶೋಧನೆಯಿಂದ ಬಂದ ಓಎಲ್‌ಇಡಿಗೆ ಹಿಂಬದಿ ದೀಪವೇ ಬೇಡ. ಆದರೆ ಒಂದೇ ಪಹಣಿ ನಮೂನೆ ದಿನವಿಡೀ ತೆರೆದಿರುವ ಕಚೇರಿಗೆ ಅದು ತಕ್ಕದ್ದಲ್ಲ, ನಿಂತ ಗೆರೆಗಳ ಗುರುತು ಪರದೆಯಲ್ಲಿ ಉಳಿದುಬಿಡುವ ಅಪಾಯವಿದೆ.

ಪ್ಯಾನೆಲ್‌ನಿಂದ ಮತ್ತೆ ಅಕ್ಷರಕ್ಕೆ ಬಂದರೆ, ಯೂನಿಕೋಡ್ ಕನ್ನಡ ವಿಂಡೋಸ್‌ಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದರ ಕನ್ನಡ ಫಾಂಟಿಗೆ ಮೈಕ್ರೋಸಾಫ್ಟ್ ಕೊಟ್ಟ ಹೆಸರು ‘ತುಂಗಾ’, ಶಿವಮೊಗ್ಗದ ಹೊಳೆಯದು. ಭದ್ರೆಗೆ ಆ ಭಾಗ್ಯ ಬರಲಿಲ್ಲ. ಅದೇ ಎಕ್ಸ್‌ಪಿಯ ಕ್ಲಿಯರ್‌ಟೈಪ್ ಚುಕ್ಕೆಯೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬಿಡಿಯಾಗಿ ಬಳಸಿ ಅಕ್ಷರದ ಅಂಚನ್ನು ನುಣುಪು ಮಾಡುತ್ತಿತ್ತು, ಆದರೆ ಅಡ್ಡಲಾಗಿ ಮಾತ್ರ. ಕನ್ನಡದ ಕಷ್ಟ ಇರುವುದು ಲಂಬವಾಗಿ: ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ, ‘ದ’ ಮತ್ತು ‘ಧ’ಗಳ ವ್ಯತ್ಯಾಸ ಬುಡದಲ್ಲಿನ ಒಂದು ಸೀಳಿನಲ್ಲಿದೆ. ಆ ಸೀಳಿಗೆ ಚುಕ್ಕೆ ಸಾಲದಿದ್ದರೆ ಓದುವವರು ಊಹಿಸಿಕೊಳ್ಳಬೇಕು.

ಆದ್ದರಿಂದ ಇಲ್ಲಿ ನೋಡಬೇಕಾದದ್ದು ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬುದನ್ನು. ಕಚೇರಿ, ಸೈಬರ್ ಕೆಫೆಗಳಲ್ಲಿ ಬಹುಕಾಲ ಕಂಡ 18.5 ಇಂಚಿನ, 1366×768 ಪರದೆಯಲ್ಲಿ ಇಂಚಿಗೆ ಸುಮಾರು 85 ಚುಕ್ಕೆ. 1920×1080 ಚುಕ್ಕೆಗಳ ಪರದೆ 21.5 ಇಂಚಿನದಾದರೆ 102, 23.8 ಇಂಚಿನದಾದರೆ 93, 27 ಇಂಚಿನದಾದರೆ ಕೇವಲ 82. ದುಡ್ಡು ಹೆಚ್ಚು ಕೊಟ್ಟು ದೊಡ್ಡ ಪರದೆ ತಂದವರಿಗೆ ಅಕ್ಷರ ಒರಟಾಗಿ ಕಾಣುವುದು ಈ ಕಾರಣಕ್ಕೆ. 27 ಇಂಚು ಬೇಕೇ ಬೇಕೆಂದರೆ 2560×1440 ಇರಬೇಕು. ಆಗ 109 ಸಿಗುತ್ತದೆ.

ಅಳತೆಯ ಆಯ್ಕೆಯಲ್ಲಿ ತೆರಿಗೆಯೂ ಕೈಯಾಡಿಸಿತು. ಜಿಎಸ್‌ಟಿ ಬಂದ 2017ರ ಕೊನೆಗೆ 20 ಇಂಚಿನವರೆಗಿನ ಮಾನಿಟರಿಗೆ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 28. 2019ರ ಜನವರಿ 1ರಿಂದ ಆ ಗಡಿ 32 ಇಂಚಿಗೆ ಏರಿತು. 2025ರ ಸೆಪ್ಟೆಂಬರ್ 22ರಿಂದ ಗಡಿಯೇ ಇಲ್ಲ, ಎಲ್ಲಕ್ಕೂ ಶೇ 18.

ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಕಾಗದ ಮಾಡುತ್ತಿದ್ದ ಭದ್ರಾವತಿಯಲ್ಲಾಗಲಿ ಶಿವಮೊಗ್ಗದಲ್ಲಾಗಲಿ ಡಿಟಿಪಿ, ಅಚ್ಚಿನ ಕೆಲಸದವರಿಗೆ 23.8 ಇಂಚಿನ ಐಪಿಎಸ್ ಹೇಳಿಮಾಡಿಸಿದ ಅಳತೆ. ಅದರ ಪರದೆಯ ಎತ್ತರ 29.6 ಸೆಂ.ಮೀ.; ಎ4 ಹಾಳೆಯ ಎತ್ತರ 29.7. ಹಾಳೆ ಹೆಚ್ಚುಕಡಿಮೆ ನಿಜವಾದ ಗಾತ್ರದಲ್ಲೇ, ಎರಡು ಅಕ್ಕಪಕ್ಕದಲ್ಲಿ ಕಾಣುತ್ತವೆ. ಬರೀ ಓದು ಬರಹಕ್ಕಾದರೆ 21.5 ಇಂಚಿನದೇ ಮೇಲು. ಅಂಗಡಿಯ ಪರದೆಯಲ್ಲಿ ಓಡುವ ಬಣ್ಣದ ವಿಡಿಯೊ ನೋಡಿ ಮರುಳಾಗದೆ, ಒಂದು ಕನ್ನಡ ಪುಟ ತೆರೆಯಲು ಹೇಳಿ. ‘ದ’ ಯಾವುದು, ‘ಧ’ ಯಾವುದು ಎಂಬುದು ಕೂತಲ್ಲಿಂದಲೇ ತಿಳಿದರೆ ಆಮೇಲೆ ಬೆಲೆ ಕೇಳಿ.