ಮೊದಲ ಸ್ಟೇಜಿನ ಸಂಗೀತ: ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಟಿವಿ ಗೇಮ್ ಕೇಳಿಸಿದ ಬಗೆ

ಹಳೆಯ ವಿಡಿಯೊ ಗೇಮ್‌ಗಳ ಸಂಗೀತದ ಬಗ್ಗೆ ಈಚೆಗೆ ಬರುತ್ತಿರುವ ಬರವಣಿಗೆ ಬಹುಮಟ್ಟಿಗೆ ಸಂಯೋಜಕರ ಚರಿತ್ರೆ. 1978ರ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಶತ್ರುಗಳು ಕಡಿಮೆಯಾದಂತೆಲ್ಲ ವೇಗ ಪಡೆಯುವ ನಾಲ್ಕು ಸ್ವರಗಳಿಂದ ಅದು ಶುರುವಾಗುತ್ತದೆ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ಗೆ ಕೋಜಿ ಕೊಂಡೊ ಮಾಡಿದ ಸಂಗೀತ, 1986ರ ‘ಡ್ರ್ಯಾಗನ್ ಕ್ವೆಸ್ಟ್’ಗೆ ಕೋಯಿಚಿ ಸುಗಿಯಾಮ ಮಾಡಿದ ಸಂಗೀತ ಅದರ ಮುಖ್ಯ ಘಟ್ಟಗಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ಮಾರಿಯೊ ಸಂಗೀತವನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದಾಗ ಈ ಚರಿತ್ರೆಗೆ ಅಧಿಕೃತ ಮುದ್ರೆಯೂ ಬಿತ್ತು. ವಿಡಿಯೊ ಗೇಮ್ ಸಂಗೀತವೊಂದು ಆ ಪಟ್ಟಿಗೆ ಸೇರಿದ್ದು ಅದೇ ಮೊದಲು. ಈ ಕಥನದಲ್ಲಿ ತಪ್ಪಿಲ್ಲ, ಕೊರತೆಯಿದೆ. ಅದರಲ್ಲಿ ಕೇಳುಗರು ಕಾಣುವುದಿಲ್ಲ. ಕಂಡರೂ ಟೋಕಿಯೊ, ನ್ಯೂಯಾರ್ಕ್‌ಗಳ ಕೇಳುಗರೇ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಂಥ ಕಡೆ 1990ರ ದಶಕ ಮತ್ತು ಅದರ ನಂತರದ ವರ್ಷಗಳಲ್ಲಿ ಟಿವಿ ಗೇಮ್ ಆಡಿದವರ ಕಿವಿಗೆ ಬಿದ್ದದ್ದು ಸಂಯೋಜಕ ಬರೆದ ಕೃತಿಯ ಯಥಾಪ್ರತಿಯಾಗಿರಲಿಲ್ಲ. ನಕಲು ಯಂತ್ರ, ಮನೆಯ ಟಿವಿ, ಬಂದು ಹೋಗುವ ಕರೆಂಟು, ಸುತ್ತಲಿನ ಇತರ ಸದ್ದುಗಳು ಇವೆಲ್ಲ ಸೇರಿ ಆ ಸಂಗೀತಕ್ಕೆ ಬೇರೆಯೇ ಒಂದು ಪಾಠವನ್ನು, ಅಂದರೆ ರೂಪವನ್ನು, ಕೊಟ್ಟವು. ಜನ ಇಂದು ‘ಹಳೇ ಗೇಮಿನ ಮ್ಯೂಸಿಕ್’ ಎಂದು ನೆನೆಯುವುದು ಈ ಪಾಠವನ್ನು. ಅದನ್ನು ಚರಿತ್ರೆಯ ಆಕರವಾಗಿಯೇ ಓದಬೇಕು ಎಂಬುದು ಈ ಲೇಖನದ ವಾದ.

ಮೊದಲಿಗೆ ಮೂಲ ಯಂತ್ರವನ್ನು ನೋಡಬೇಕು. ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಜಪಾನಿನ ಮಾರುಕಟ್ಟೆಗೆ ತಂದ ಫ್ಯಾಮಿಕಾಮ್ ಯಂತ್ರದ ಚಿಪ್ಪಿನಲ್ಲಿ ಧ್ವನಿಗೆಂದು ಇದ್ದದ್ದು ಐದೇ ವಾಹಿನಿ. ಎರಡು ಚೌಕ ತರಂಗದವು, ಒಂದು ತ್ರಿಕೋನ ತರಂಗದ್ದು, ಒಂದು ಭುಸುಗುಡುವ ಸದ್ದಿನದು, ಇನ್ನೊಂದು ಚಿಕ್ಕ ಧ್ವನಿತುಣುಕುಗಳಿಗೆ ಮೀಸಲು. ರಾಗಭಾಗವನ್ನು ಚೌಕ ತರಂಗಗಳು ಹೊತ್ತರೆ ಮಂದ್ರವನ್ನು ತ್ರಿಕೋನ ತರಂಗ ಹೊರುತ್ತಿತ್ತು. ಭುಸುಗುಟ್ಟುವ ವಾಹಿನಿಯೇ ತಾಳವಾದ್ಯ. ಮಾರಿಯೊದ ಇಡೀ ಆಟ, ಚಿತ್ರ ಮತ್ತು ಸಂಗೀತವೆಲ್ಲ ಸೇರಿ, 40 ಕಿಲೋಬೈಟಿನಲ್ಲಿ ಅಡಗಿತ್ತು. ಜಾಗ ಇಷ್ಟೇ ಇದ್ದುದರಿಂದ ಹಾಡು ಚಿಕ್ಕದಾಗಿರಬೇಕಿತ್ತು, ಮುಗಿದ ಕೂಡಲೇ ಮೊದಲಿಗೆ ಮರಳಬೇಕಿತ್ತು. ಆಟದ ಇತರ ಸದ್ದುಗಳಿಗೂ ಬೇರೆ ವಾಹಿನಿ ಇರಲಿಲ್ಲ. ಮಾರಿಯೊ ಜಿಗಿದಾಗಲೋ ನಾಣ್ಯ ಹಿಡಿದಾಗಲೋ ಬರುವ ಸದ್ದು ಆ ಕ್ಷಣಕ್ಕೆ ಸಂಗೀತದ ಒಂದು ಚೌಕ ತರಂಗವನ್ನು ಕಸಿದುಕೊಳ್ಳುತ್ತಿತ್ತು. ಅಲ್ಲಿ ನುಡಿಯಬೇಕಿದ್ದ ಸ್ವರ ಕೇಳಿಸುತ್ತಲೇ ಇರಲಿಲ್ಲ. ಹೆಚ್ಚು ಜಿಗಿಯುವವನ ಆಟದಲ್ಲಿ ಒಂದು ಸಂಗೀತ, ನಿಂತು ನೋಡಿ ಆಡುವವನ ಆಟದಲ್ಲಿ ಇನ್ನೊಂದು. ಅಂದರೆ ಮೂಲ ಯಂತ್ರದಲ್ಲೂ ಈ ಸಂಗೀತ ಪೂರ್ಣರೂಪ ಪಡೆಯುತ್ತಿದ್ದದ್ದು ಆಡುವವನ ಬೆರಳಿನಲ್ಲಿ. ಕೇಳುಗನನ್ನು ಬಿಟ್ಟು ಇದರ ಚರಿತ್ರೆ ಬರೆಯುವುದು ಕಷ್ಟ ಎನ್ನುವುದಕ್ಕೆ ಇದು ಮೊದಲ ಪುರಾವೆ.

ನಮ್ಮ ಮನೆಗಳಿಗೆ ಬಂದದ್ದು ಹೆಚ್ಚಾಗಿ ಈ ಯಂತ್ರದ ನಕಲುಗಳು. ತೈವಾನ್, ಚೀನಾಗಳಲ್ಲಿ ತಯಾರಾದ ಚಿಪ್ಪುಗಳನ್ನು ಒಳಗಿಟ್ಟು ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಮುಂತಾದ ಹೆಸರಿನಲ್ಲಿ ಅವು ಮಾರಾಟವಾದವು. ಹೆಸರು ಯಾವುದಾದರೇನು, ಜನರ ಬಾಯಲ್ಲಿ ಅದು ‘ಟಿವಿ ಗೇಮ್’, ಅದರಲ್ಲಿ ಸಿಕ್ಕಿಸುವುದು ‘ಕ್ಯಾಸೆಟ್’. ಇಲ್ಲಿಯೇ ಸಂಗೀತಕ್ಕೆ ಮೊದಲ ದೊಡ್ಡ ಬದಲಾವಣೆ ಒದಗಿತು. ಜಪಾನ್ ಮತ್ತು ಅಮೆರಿಕದ ಟಿವಿ ವ್ಯವಸ್ಥೆಯಲ್ಲಿ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತಿತ್ತು. ಭಾರತ ಅಳವಡಿಸಿಕೊಂಡ ಪಾಲ್ ವ್ಯವಸ್ಥೆಯಲ್ಲಿ 50 ಬಾರಿ. ಆ ಕಾಲದ ಆಟಗಳಲ್ಲಿ ಸಂಗೀತದ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತಿದ್ದದ್ದು ಈ ಎಣಿಕೆಯೇ: ಪರದೆ ಒಮ್ಮೆ ಹೊಸದಾದರೆ ಸಂಗೀತ ಒಂದು ಹೆಜ್ಜೆ ಮುಂದೆ. 60ಕ್ಕೆ ಲೆಕ್ಕ ಹಾಕಿ ಬರೆದ ಕ್ಯಾಸೆಟ್ಟನ್ನು 50ಕ್ಕೆ ಹೊಂದಿಸಿದ ಯಂತ್ರದಲ್ಲಿ ಹಾಕಿದಾಗ ಗತಿ ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ. 90 ಸೆಕೆಂಡಿನ ಸಂಗೀತ 108 ಸೆಕೆಂಡು ಹಿಡಿಯುತ್ತದೆ. ಶ್ರುತಿಯ ಕಥೆ ಬೇರೆ. ಪಾಲ್ ದೇಶಗಳಿಗೆಂದು ಮಾಡಿದ ನಕಲು ಚಿಪ್ಪುಗಳ ಗಡಿಯಾರದ ವೇಗ ಜಪಾನಿನ ಮೂಲಕ್ಕೆ ತೀರ ಹತ್ತಿರವಿದ್ದುದರಿಂದ ಶ್ರುತಿ ಕಿವಿಗೆ ಗೊತ್ತಾಗುವಷ್ಟು ಇಳಿಯುತ್ತಿರಲಿಲ್ಲ. ಸ್ವರ ಅದೇ, ನಡೆ ಮಾತ್ರ ವಿಳಂಬ. ಮಾರಿಯೊನ ಓಟವೂ ಅಷ್ಟೇ ನಿಧಾನವಾಗುತ್ತಿದ್ದುದರಿಂದ ಆಟಕ್ಕೂ ಹಾಡಿಗೂ ಹೊಂದಿಕೆ ತಪ್ಪುತ್ತಿರಲಿಲ್ಲ. ಆಡುವವರಿಗೆ ಏನೋ ಕಡಿಮೆಯಾಗಿದೆ ಎನಿಸುವ ಕಾರಣವೂ ಇರಲಿಲ್ಲ. ಅಂಥ ಯಂತ್ರದಲ್ಲಿ ಆಡಿ ಬೆಳೆದವರು ಇಂದು ಮೊಬೈಲಿನಲ್ಲಿ ಮೂಲ ಸಂಗೀತವನ್ನು ಕೇಳಿ ‘ಇದು ಸ್ವಲ್ಪ ಓಡುತ್ತಿದೆ’ ಎಂದರೆ ಅದನ್ನು ನೆನಪಿನ ದೋಷ ಎನ್ನಲಾಗದು. ಅವರ ಕಿವಿ ಹೇಳುತ್ತಿರುವುದು ಅಳೆದು ತೋರಿಸಬಹುದಾದ ಸತ್ಯ.

ಎರಡನೆಯ ಬದಲಾವಣೆಗೆ ಕಾರಣ ಕರೆಂಟು. ಮಾರಿಯೊ, ಕಾಂಟ್ರಾದಂಥ ಆಟಗಳಲ್ಲಿ ಎಲ್ಲಿಗೆ ಬಂದಿದ್ದೇವೆ ಎಂಬುದನ್ನು ಉಳಿಸಿಡುವ ಏರ್ಪಾಡು ಇರಲಿಲ್ಲ. ಮೂರು ಲೈಫ್ ಮುಗಿದು ಕಂಟಿನ್ಯೂ ಅವಕಾಶವೂ ಇಲ್ಲದಾದರೆ ಅಥವಾ ಯಂತ್ರ ಆರಿದರೆ ಮತ್ತೆ ಮೊದಲ ಸ್ಟೇಜು. ಈ ತಾಲ್ಲೂಕುಗಳ ಮಕ್ಕಳಿಗೆ ದಿನವಿಡೀ ಆಡುವ ಬಿಡುವು ಸಿಗುತ್ತಿದ್ದದ್ದು ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆಯಲ್ಲಿ. ಜಲವಿದ್ಯುತ್ತನ್ನೇ ಬಹುವಾಗಿ ನೆಚ್ಚಿಕೊಂಡಿದ್ದ ಕರ್ನಾಟಕದಲ್ಲಿ ಜಲಾಶಯಗಳು ತಳ ಕಂಡು ಲೋಡ್ ಶೆಡ್ಡಿಂಗ್ ಬಿಗಿಯಾಗುತ್ತಿದ್ದದ್ದೂ ಅದೇ ತಿಂಗಳುಗಳಲ್ಲಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆ ಬೇರೆ ಲೈನು ಎಳೆಯುವ ಮುನ್ನ ಹಳ್ಳಿಗಳಲ್ಲಿ ಕರೆಂಟಿನ ಹೊತ್ತು ಇನ್ನಷ್ಟು ಚಿಕ್ಕದು. ಆಟದ ಕಾಲವೂ ಕರೆಂಟಿನ ಅಭಾವದ ಕಾಲವೂ ಒಂದೇ ಆದದ್ದರ ಫಲ ಸಂಗೀತದ ನೆನಪಿನ ಮೇಲೆ ನೇರವಾಗಿ ಬಿದ್ದಿದೆ. ಮಾರಿಯೊದಲ್ಲಿ ಹೊಲದ ಮೇಲಿನ ಓಟದ ಸಂಗೀತವಿದೆ, ನೆಲದಡಿಯದಿದೆ, ನೀರೊಳಗಿನದಿದೆ, ಕೋಟೆಯದಿದೆ. ಜನರ ಬಾಯಲ್ಲಿ ಗುನುಗಾಗಿ ಉಳಿದದ್ದು ಮೊದಲನೆಯದು, ನಂತರ ಎರಡನೆಯದು. ಕಾಂಟ್ರಾ ಎಂದರೆ ಮೊದಲ ಸ್ಟೇಜಿನ ಕಾಡಿನ ಸಂಗೀತ. 30 ಲೈಫ್ ಕೊಡುವ ಗುಟ್ಟಿನ ಬಟನ್ ಕ್ರಮ ಗೊತ್ತಿದ್ದವರಿಗೆ ಮಾತ್ರ ಮೂರನೆಯ ಸ್ಟೇಜಿನ ಜಲಪಾತದ ಸಂಗೀತವೂ ಅಷ್ಟೇ ಪರಿಚಿತ. ಯಾವ ಹಾಡು ಜನಪ್ರಿಯವಾಯಿತು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಕೊಡುವುದು ಸಂಯೋಜನೆಯ ಗುಣವೊಂದೇ ಅಲ್ಲ. ಮೂರು ಲೈಫಿನ ನಿಯಮ ಮತ್ತು ಕರೆಂಟಿನ ವೇಳಾಪಟ್ಟಿ ಕೂಡ ಉತ್ತರ ಕೊಡುತ್ತವೆ.

ಮೂರನೆಯದು, ಈ ಸದ್ದಿನ ಅಕ್ಕಪಕ್ಕದಲ್ಲಿ ಇದ್ದ ಸದ್ದುಗಳು. ಟಿವಿ ಗೇಮಿಗೆ ತನ್ನದೇ ಸ್ಪೀಕರ್ ಇರಲಿಲ್ಲ. ದೂರದರ್ಶನದ ವಾರ್ತೆ, ಚಿತ್ರಗೀತೆ, ಭಾನುವಾರದ ಸಿನಿಮಾ ಬರುತ್ತಿದ್ದ ಸ್ಪೀಕರಿನಲ್ಲೇ ಅದೂ ಬರಬೇಕಿತ್ತು. ಚಿಕ್ಕ ಪೋರ್ಟಬಲ್ ಟಿವಿಯ ಸ್ಪೀಕರಿನಲ್ಲಿ ತ್ರಿಕೋನ ತರಂಗದ ಮಂದ್ರ ಕುಗ್ಗಿ, ಮೇಲಿನ ಚೌಕ ತರಂಗಗಳ ಚೂಪು ದನಿಯೇ ಮುಂದಾಗುತ್ತದೆ. ಆ ಚೂಪು ದನಿ ನಮ್ಮ ಪೇಟೆಗಳಿಗೆ ಹೊಸದೇನೂ ಆಗಿರಲಿಲ್ಲ. ನಕಲು ಯಂತ್ರಗಳ ಚಿಪ್ಪು ತಯಾರಿಸುತ್ತಿದ್ದ ತೈವಾನಿನ ಯುಎಂಸಿ ಕಂಪನಿಯೇ ಯುಎಂ66 ಎಂಬ ಮೂರು ಕಾಲಿನ ಪುಟ್ಟ ಸಂಗೀತದ ಚಿಪ್ಪನ್ನೂ ಮಾಡುತ್ತಿತ್ತು. ಕಾಲಿಂಗ್ ಬೆಲ್, ಆಟಿಕೆ, ತೆರೆದರೆ ಹಾಡುವ ಶುಭಾಶಯ ಪತ್ರಗಳಲ್ಲಿ ಅಂಥ ಚಿಪ್ಪುಗಳಿದ್ದವು. ಬೇಥೋವನ್‌ನ ‘ಫ್ಯೂರ್ ಎಲೀಸ್’ ಲಕ್ಷಾಂತರ ಭಾರತೀಯರ ಕಿವಿಗೆ ತಲುಪಿದ್ದು ಈ ದಾರಿಯಲ್ಲೇ. ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮಿನದೂ ಅದೇ ಜಾತಿಯ ಬೀಪು. ಇನ್ನೊಂದು ಕಡೆ, 1987ರ ‘ಪ್ರೇಮಲೋಕ’ದಿಂದ ಹಂಸಲೇಖ ಅವರು ಕೀಬೋರ್ಡು ಮತ್ತು ಎಲೆಕ್ಟ್ರಾನಿಕ್ ಡ್ರಮ್ಮಿನ ನಾದವನ್ನು ಕನ್ನಡ ಚಿತ್ರಗೀತೆಯ ಕೇಂದ್ರಕ್ಕೇ ತಂದಿದ್ದರು. ಕೆ.ಆರ್. ನಗರದ ಹೋಟೆಲಿನ ಟೇಪ್‌ರೆಕಾರ್ಡರಿನಲ್ಲೂ ಹುಣಸೂರಿನ ಬಸ್ಸಿನಲ್ಲೂ ಆ ನಾದವಿತ್ತು. ಆದ್ದರಿಂದ ಟಿವಿ ಗೇಮಿನ ಸಂಗೀತ ಇಲ್ಲಿನ ಕಿವಿಗೆ ಪರದೇಶದ ಅಚ್ಚರಿಯಾಗಿ ಬರಲಿಲ್ಲ. ಹೊಸ ಎಲೆಕ್ಟ್ರಾನಿಕ್ ಸಾಮಾನುಗಳ ದೊಡ್ಡ ನಾದಲೋಕದ ಒಂದು ಭಾಗವಾಗಿ ಬಂತು. ಕ್ಯಾಸೆಟ್ಟುಗಳಲ್ಲಿ ಎಷ್ಟೋ ಸಲ ಮೂಲ ಕಂಪನಿಯ ಹೆಸರನ್ನೇ ಅಳಿಸಿರುತ್ತಿದ್ದರು. ಹಾಗಾಗಿ ಅದಕ್ಕೊಬ್ಬ ಕರ್ತೃ ಇದ್ದಾನೆ ಎಂದು ಸೂಚಿಸುವುದು ಯಾವುದೂ ಇರಲಿಲ್ಲ.

ಈ ವಾದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಮೊದಲನೆಯದು: ಕಳ್ಳಪ್ರತಿಯ ಯಂತ್ರದಲ್ಲಿ ತಪ್ಪು ವೇಗದಲ್ಲಿ ಕೇಳಿದ್ದು ಕೆಟ್ಟ ಪ್ರತಿ ಮಾತ್ರ, ಅದನ್ನು ಪಾಠ ಎಂದು ಕರೆದು ಗೌರವಿಸುವುದೇಕೆ? ಕನ್ನಡ ಗ್ರಂಥಸಂಪಾದನೆಯ ಪರಂಪರೆ ಇದಕ್ಕೆ ಉತ್ತರ ಕೊಟ್ಟಾಗಿದೆ. ಲಿಪಿಕಾರನ ತಪ್ಪಿನಿಂದ ಹುಟ್ಟಿದ ಪಾಠಾಂತರವನ್ನು ಸಂಪಾದಕ ಕವಿಯ ಪಾಠವೆಂದು ಒಪ್ಪುವುದಿಲ್ಲ, ಎಸೆಯುವುದೂ ಇಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಒಂದು ಸೀಮೆಯ ಓದುಗರು ಶತಮಾನಗಳ ಕಾಲ ಓದಿದ್ದು ಆ ಪಾಠಾಂತರವಿರುವ ಓಲೆಯನ್ನೇ ಆಗಿದ್ದರೆ, ಆ ಸೀಮೆಯ ಓದಿನ ಚರಿತ್ರೆಗೆ ಮೂಲಕ್ಕಿಂತ ಅದೇ ಮುಖ್ಯ. 50ರ ಎಣಿಕೆಯ ಮಾರಿಯೊಗೂ ಈ ನ್ಯಾಯ ಸಲ್ಲುತ್ತದೆ. ಕೊಂಡೊ ಅವರ ಕೃತಿಯನ್ನು ಅರಿಯಲು ಜಪಾನಿನ ಮೂಲಕ್ಕೆ ಹೋಗಬೇಕು. ಪಿರಿಯಾಪಟ್ಟಣದ ಕೇಳ್ಮೆಯನ್ನು ಅರಿಯಲು ನಕಲು ಯಂತ್ರಕ್ಕೇ ಬರಬೇಕು.

ಎರಡನೆಯ ಆಕ್ಷೇಪ: ಸಾವಿರ ಸಲ ಕಿವಿಗೆ ಬಿದ್ದದ್ದು ಯಾವುದಾದರೂ ಪ್ರಿಯವಾಗುತ್ತದೆ, ಇದರಲ್ಲಿ ಸಂಗೀತದ ಚರ್ಚೆಗೆ ಏನಿದೆ? ಪುನರಾವರ್ತನೆ ನೆನಪನ್ನು ವಿವರಿಸುತ್ತದೆ, ಒಪ್ಪೋಣ. ಆದರೆ ಮೊದಲ ಸ್ಟೇಜಿನಲ್ಲಿ ಸಂಗೀತವಿದ್ದ ಆಟಗಳು ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಇರುತ್ತಿದ್ದವು; ಎಲ್ಲವೂ ಉಳಿಯಲಿಲ್ಲ. ಉಳಿದವುಗಳಲ್ಲಿ ಸಂಗೀತದ ನಡೆಗೂ ಬೆರಳಿನ ನಡೆಗೂ ಗಟ್ಟಿಯಾದ ಸಂಬಂಧ ಕಾಣುತ್ತದೆ. ಮಾರಿಯೊದಲ್ಲಿ ಸಮಯ 100ಕ್ಕಿಂತ ಕೆಳಗಿಳಿದಾಗ ಅದೇ ಸಂಗೀತ ಒಮ್ಮೆಲೇ ದ್ರುತವಾಗುತ್ತದೆ, ಆಡುವವನ ಕೈಯೂ ಆತುರಕ್ಕೆ ಬೀಳುತ್ತದೆ. ಇಲ್ಲಿ ಇನ್ನೊಂದು ಸುಲಭದ ತೀರ್ಮಾನಕ್ಕೆ ಜಾರದಂತೆಯೂ ಎಚ್ಚರ ಬೇಕು. ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿ ಜಾತ್ರೆಗೆ ಬರುವ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ಹಾಡುವಾಗ ಸೊಲ್ಲು ಮತ್ತೆ ಮತ್ತೆ ಮರಳುತ್ತದೆ. ಆ ಕಿವಿಯೇ ಗೇಮಿನ ಮರಳುವ ಸಂಗೀತವನ್ನೂ ಒಪ್ಪಿಕೊಂಡಿತು ಎನ್ನುವುದು ಆಕರ್ಷಕ ಊಹೆ. ನಾನು ಅದನ್ನು ಒಪ್ಪುವುದಿಲ್ಲ. ಕಾವ್ಯದ ಸೊಲ್ಲು ಕಥೆಯನ್ನು ಮುಂದಕ್ಕೆ ನೂಕುತ್ತದೆ, ಹಾಡುಗಾರ ಉಸಿರು ತೆಗೆದುಕೊಳ್ಳಲು ಎಡೆ ಕೊಡುತ್ತದೆ. ಗೇಮಿನ ಸಂಗೀತ ಆಡುವವನು ಗೆಲ್ಲುವವರೆಗೆ, ಇಲ್ಲವೇ ಸಾಯುವವರೆಗೆ ಕಾಯುತ್ತದೆ. ಎರಡರ ಕೆಲಸ ಬೇರೆ. ಹೊರಗಿನ ಹೋಲಿಕೆಯಿಂದ ಪರಂಪರೆಯನ್ನು ಕಟ್ಟಬಾರದು.

ಮೂರನೆಯ ಆಕ್ಷೇಪವೇ ಹೆಚ್ಚು ತೂಕದ್ದು: ಇದು ಈ ನಾಲ್ಕು ತಾಲ್ಲೂಕುಗಳ ವಿಶೇಷವೇನು? 1992ರ ಕೊನೆಯಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ‘ಡೆಂಡಿ’ ಯಂತ್ರದ್ದೂ ಇದೇ 50ರ ಎಣಿಕೆ, ಇದೇ ನಕಲು ಚಿಪ್ಪು. ನಿಜ. ಯಂತ್ರದ ಮಟ್ಟದಲ್ಲಿ ಹುಣಸೂರಿಗೂ ಮಾಸ್ಕೋಗೂ ಅಂಥ ಅಂತರವಿಲ್ಲ, ಇದೆ ಎಂದು ವಾದಿಸಬೇಕಾಗಿಯೂ ಇಲ್ಲ. ಅಂತರವಿರುವುದು ಯಂತ್ರದ ಸುತ್ತಣ ಬದುಕಿನಲ್ಲಿ. ಬೇಸಿಗೆ ರಜೆಯ ಕರೆಂಟು, ಒಂದೇ ಟಿವಿಯ ಸುತ್ತ ಕೂತ ಓಣಿಯ ಮಕ್ಕಳು, ಅದೇ ಸ್ಪೀಕರಿನ ಕನ್ನಡ ಚಿತ್ರಗೀತೆ ಇವು ಇಲ್ಲಿಯವು. ನಾಲ್ಕು ತಾಲ್ಲೂಕುಗಳ ಒಳಗೂ ಕಾಲ ಒಂದೇ ಆಗಿರಲಿಲ್ಲ. ಮೈಸೂರು–ಮಡಿಕೇರಿ ಹೆದ್ದಾರಿಯ ಹುಣಸೂರು ಪೇಟೆಗೂ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೂ ಟಿವಿ ಒಟ್ಟಿಗೆ ಬರಲಿಲ್ಲ. ಒಬ್ಬರಿಗೆ ಟಿವಿ ಗೇಮ್ ಬಾಲ್ಯದ ಆಟವಾದರೆ ಇನ್ನೊಬ್ಬರಿಗೆ ಮೊದಲ ಗೇಮ್ ಎಂದರೆ ನೋಕಿಯಾ ಫೋನಿನ ಹಾವು. 2003ರಲ್ಲಿ ಬಂದ, ಟಾರ್ಚು ಇದ್ದ ನೋಕಿಯಾ 1100 ಹಳ್ಳಿಗಳಲ್ಲಿ ಮನೆಮಾತಾಯಿತು. ಅದರಲ್ಲಿ ಒಮ್ಮೆಗೆ ಒಂದೇ ಸ್ವರ ನುಡಿಸಬಲ್ಲ ಬಜರು ಹಾವಿನಾಟದ ಬೀಪಿಗೂ ರಿಂಗ್‌ಟೋನಿಗೂ ಸಮಾನವಾಗಿ ಒದಗಬೇಕಿತ್ತು. ಕೀ ಒತ್ತಿ ಚಿತ್ರಗೀತೆಯ ಸ್ವರಗಳನ್ನು ಒಂದೊಂದಾಗಿ ಬರೆಯುವ ಅನುಕೂಲವೂ ಅದರಲ್ಲಿತ್ತು. ಆಡುವ ಸಾಧನದಲ್ಲಿ ಹಾಡನ್ನು ಕೇಳುವವನೇ ಕೂಡಿಸಬಹುದಾದದ್ದು ಇಲ್ಲಿಂದ.

ಆ ನಂತರದ ಬೆಳವಣಿಗೆ ವಾದವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಕಂಪ್ಯೂಟರಿನ ‘ಡೇಂಜರಸ್ ಡೇವ್’ನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ, ಹೆಜ್ಜೆ, ಜಿಗಿತದಂಥ ಆಟದ ಸದ್ದುಗಳಷ್ಟೇ. 1996ರಲ್ಲಿ ಕಂಪ್ಯೂಟರಿಗೆ ಬಂದ ‘ರೋಡ್ ರ‍್ಯಾಷ್’ ಅಮೆರಿಕದ ಸೌಂಡ್‌ಗಾರ್ಡನ್ ತಂಡದ ರಾಕ್ ಹಾಡುಗಳನ್ನು ಹೊತ್ತು ತಂದಿತು. 2002ರ ‘ಜಿಟಿಎ ವೈಸ್ ಸಿಟಿ’ಯಲ್ಲಿ ಆಟದ ಕಾರುಗಳಿಗೆ ರೇಡಿಯೊ ಕೇಂದ್ರಗಳಿದ್ದವು. ಅದರ ಕಂಪ್ಯೂಟರ್ ಆವೃತ್ತಿಯಲ್ಲಿ ಆಡುವವರು ತಮ್ಮ ಎಂಪಿ3 ಹಾಡುಗಳನ್ನು ಒಂದು ಫೋಲ್ಡರಿಗೆ ಹಾಕಿದರೆ ಅವೂ ಕಾರಿನ ರೇಡಿಯೊದಲ್ಲೇ ಬರುತ್ತಿದ್ದವು. ಆ ಫೋಲ್ಡರಿಗೆ ಕನ್ನಡ ಹಾಡು ಹಾಕಿದವರ ಪಾಲಿಗೆ ವೈಸ್ ಸಿಟಿಯ ಸಂಗೀತ ಎಂದರೆ ಗುರುಕಿರಣ್ ಅಥವಾ ಹಂಸಲೇಖ ಆಗಿಬಿಡುವುದು ಸಹಜ. ಹಿಂದೆ ಕರೆಂಟು ಮತ್ತು ಟಿವಿ ಮಾಡುತ್ತಿದ್ದ ಆಯ್ಕೆ ಈಗ ಕೇಳುಗನ ಕೈಗೆ ಬಂತು. ಇಂದಿನ ಬಿಜಿಎಂಐಯಂಥ ಮೊಬೈಲ್ ಆಟಗಳಲ್ಲಿ ಸಂಗೀತವಿರುವುದು ಹೆಚ್ಚಾಗಿ ಆಟ ಶುರುವಾಗುವ ಮುನ್ನ. ಆಟದೊಳಗೆ ಕಿವಿಗೆ ಬೇಕಾದದ್ದು ಎದುರಾಳಿಯ ಹೆಜ್ಜೆ ಸದ್ದು, ಜೊತೆಯವನ ಮಾತು. ಅದೂ ಇಯರ್‌ಫೋನಿನಲ್ಲಿ, ಒಬ್ಬನಿಗಷ್ಟೇ. ಟಿವಿ ಗೇಮಿನ ಸಂಗೀತವನ್ನು ಆಡುವವರಷ್ಟೇ ಕೇಳುತ್ತಿರಲಿಲ್ಲ. ಸರದಿಗೆ ಕಾಯುವ ಮಕ್ಕಳು, ಅಡುಗೆಮನೆಯಲ್ಲಿದ್ದ ತಾಯಂದಿರು, ಜಗಲಿಯ ಮೇಲಿದ್ದ ಅಜ್ಜ ಎಲ್ಲರೂ ಕೇಳುತ್ತಿದ್ದರು. ಗೇಮನ್ನೇ ಆಡದವರಿಗೂ ಆ ಸಂಗೀತ ಗೊತ್ತಿರುವುದು ಈ ಕಾರಣಕ್ಕೆ. ಇಂದಿನ ಆಟಗಳ ಸದ್ದಿಗೆ ಮುಂದೆ ಅಂಥ ಸಾರ್ವಜನಿಕ ನೆನಪು ಸಿಗುವುದು ಕಷ್ಟ.

ಆದ್ದರಿಂದ ಈಗ ಆಗಬೇಕಾದ ಕೆಲಸ ನಿರ್ದಿಷ್ಟವಾದದ್ದು. ಮೂಲ ಸಂಗೀತದ ಕಡತಗಳು ಸುರಕ್ಷಿತವಾಗಿವೆ; ವಾದ್ಯವೃಂದಗಳು ಅವನ್ನು ನುಡಿಸುತ್ತಿವೆ, ರಾಷ್ಟ್ರೀಯ ಪಟ್ಟಿಗಳು ಅವನ್ನು ಕಾಯುತ್ತಿವೆ. ಕಳೆದುಹೋಗುತ್ತಿರುವುದು ನಮ್ಮ ಪಾಠ. ನಕಲು ಯಂತ್ರಗಳು ಗುಜರಿಗೆ ಹೋಗುತ್ತಿವೆ, ಹಳೆಯ ಪಿಕ್ಚರ್ ಟ್ಯೂಬಿನ ಟಿವಿಗಳು ಅವುಗಳಿಗಿಂತ ಮೊದಲೇ ಹೋದವು. ಮೈಸೂರಿನ ಜಯಲಕ್ಷ್ಮೀವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯ ಗೊಂಬೆ, ವಾದ್ಯ, ಮನೆಬಳಕೆಯ ಸಾಮಾನುಗಳನ್ನು ಕೂಡಿಟ್ಟು ಒಂದು ಪೀಳಿಗೆಯ ಬದುಕನ್ನು ಓದಲು ದಾರಿ ಮಾಡಿಕೊಟ್ಟಿತು. ಅದೇ ಶ್ರದ್ಧೆಯಿಂದ, ಇನ್ನೂ ಚಾಲೂ ಇರುವ ಒಂದು ಟಿವಿ ಗೇಮನ್ನು, ಅದಕ್ಕೆ ತಕ್ಕ ಟಿವಿಯನ್ನು, ಆ ಜೋಡಿಯಿಂದ ಹೊರಟ ಧ್ವನಿಯ ಮುದ್ರಣವನ್ನು, ಆಡಿದವರ ಮತ್ತು ಪಕ್ಕದ ಕೋಣೆಯಿಂದ ಕೇಳಿದವರ ಹೇಳಿಕೆಗಳನ್ನು ತಾಲ್ಲೂಕುವಾರು ಸಂಗ್ರಹಿಸಬೇಕು. ಆಗ ಈ ಸಂಗೀತದ ಚರಿತ್ರೆಯಲ್ಲಿ ಜಪಾನಿನ ಸಂಯೋಜಕರ ಜೊತೆಗೆ ಎಚ್.ಡಿ. ಕೋಟೆಯ ಕೇಳುಗರಿಗೂ ಸಾಕ್ಷ್ಯಾಧಾರದ ಮೇಲೆ ನಿಂತ ಸ್ಥಾನ ಸಿಗುತ್ತದೆ.