ನಕ್ಷತ್ರದ ಹಿಂದೆ ತಿರುಗುವ ಕ್ಯಾಮೆರಾ: ಮಾಳಿಗೆ ಹುಡುಗನಿಂದ ಎರಡು ಹಲಗೆಯವರೆಗೆ

ಅಮೆರಿಕದ ನ್ಯಾಶ್‌ವಿಲ್ ಎಂಬ ಊರು. 1866-67ರ ಸುಮಾರು. ಅಲ್ಲಿನ ಒಂದು ಫೋಟೋ ಸ್ಟುಡಿಯೋಗೆ ಒಂಬತ್ತು ವರ್ಷದ ಹುಡುಗನೊಬ್ಬ ಕೆಲಸಕ್ಕೆ ಸೇರಿದ. ಅವನು ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಕಡು ಬಡತನ. ಶಾಲೆಗೆ ಹೋಗಿದ್ದು ಎರಡೇ ತಿಂಗಳು.

ಆಗ ಕರೆಂಟ್ ಲೈಟ್ ಇರಲಿಲ್ಲ. ಚಿಕ್ಕ ಫೋಟೋವನ್ನು ದೊಡ್ಡದಾಗಿ ಮಾಡಲು ಬಿಸಿಲೇ ಬೇಕಿತ್ತು. ಅದಕ್ಕಾಗಿ ಮಾಳಿಗೆ ಮೇಲೆ ಒಂದು ದೈತ್ಯ ಯಂತ್ರ ಇಟ್ಟಿದ್ದರು. ಸೂರ್ಯ ಸರಿದಂತೆಲ್ಲ ಅದರ ಚಕ್ರಗಳನ್ನು ಕೈಯಿಂದ ತಿರುಗಿಸಿ, ಯಂತ್ರದ ಮುಖ ಸೂರ್ಯನಿಂದ ಆಚೀಚೆ ಆಗದಂತೆ ನೋಡಿಕೊಳ್ಳಬೇಕು. ಹುಡುಗನ ಕೆಲಸ ಅಷ್ಟೇ. ಅವನಿಗಿಂತ ಮುಂಚಿನ ಹುಡುಗರು ಬಿಸಿಲಿಗೆ ತೂಕಡಿಸುತ್ತಿದ್ದರಂತೆ. ಇವನು ತೂಕಡಿಸಲಿಲ್ಲ. ಇವನ ಹೆಸರು ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. ಮುಂದೆ ಆಕಾಶಗಂಗೆಯ ಫೋಟೋ ತೆಗೆದು ಜಗತ್ತಿಗೆ ತೋರಿಸಿದವರು ಇವರೇ.

ಆ ಹುಡುಗ ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಇಂದು ಹೆಗಲ ಚೀಲದಲ್ಲಿ ಹಿಡಿಸುವ ಒಂದು ಡಬ್ಬಿ ಮಾಡುತ್ತದೆ. ಹೆಸರು ಸ್ಟಾರ್ ಟ್ರ್ಯಾಕರ್. ಕೆಳಗೆ ಟ್ರೈಪಾಡ್, ನಡುವೆ ಈ ಡಬ್ಬಿ, ಮೇಲೆ ಕ್ಯಾಮೆರಾ. ಆಕಾಶ ತಿರುಗುವ ವೇಗದಲ್ಲೇ ಅದು ಕ್ಯಾಮೆರಾವನ್ನು ತಿರುಗಿಸುತ್ತದೆ.

ಹೀಗೆ ಯಾಕೆ ತಿರುಗಿಸಬೇಕು? ಹಂತಿ ಹೊಡೆಯುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಕಣದ ನಡುವೆ ಮೇಟಿ, ಸುತ್ತ ಸಾಲಾಗಿ ಎತ್ತುಗಳು. ಮೇಟಿಯ ಪಕ್ಕದ ಎತ್ತು ಸ್ವಲ್ಪವೇ ನಡೆಯುತ್ತದೆ, ಅಂಚಿನ ಎತ್ತಿಗೆ ನಡಿಗೆ ಜಾಸ್ತಿ. ಸುತ್ತು ಮಾತ್ರ ಎಲ್ಲಕ್ಕೂ ಒಟ್ಟಿಗೇ ಮುಗಿಯುತ್ತದೆ. ಆಕಾಶದ ಮೇಟಿ ಧ್ರುವ ನಕ್ಷತ್ರದ ಹತ್ತಿರ ಇದೆ. ತಿರುಗುವುದು ಭೂಮಿಯೇ ಆದರೂ ನಮ್ಮ ಕಣ್ಣಿಗೆ ಆಕಾಶವೇ ತಿರುಗಿದಂತೆ. ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡ್. ಅಂದರೆ 4 ನಿಮಿಷಕ್ಕೆ 1 ಡಿಗ್ರಿ. ಮೇಟಿಯಿಂದ ದೂರದ ನಕ್ಷತ್ರಗಳು ಎರಡೇ ನಿಮಿಷದಲ್ಲಿ ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯುತ್ತವೆ. ಮಂಕು ನಕ್ಷತ್ರದ ಬೆಳಕು ಹಿಡಿಯಲು ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದಿರಬೇಕು. ಅಷ್ಟು ಹೊತ್ತು ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ.

ದೂರದರ್ಶಕಗಳಿಗೆ ಇದಕ್ಕೊಂದು ಉಪಾಯ ಮೊದಲೇ ಸಿಕ್ಕಿತ್ತು. ಜರ್ಮನಿಯ ಫ್ರಾನ್‌ಹೋಫರ್ ಮಾಡಿಕೊಟ್ಟ ದೂರದರ್ಶಕವೊಂದು 1824ರಲ್ಲಿ ಡೋರ್ಪಾಟ್ ವೀಕ್ಷಣಾಲಯಕ್ಕೆ ಬಂತು. ಈ ಊರು ಈಗ ಎಸ್ಟೋನಿಯಾ ದೇಶದ ಟಾರ್ಟು. ಗೋಡೆ ಗಡಿಯಾರದಂತೆ ತೂಕದ ಗುಂಡು ನಿಧಾನವಾಗಿ ಕೆಳಗಿಳಿದು ಆ ದೂರದರ್ಶಕವನ್ನು ತಿರುಗಿಸುತ್ತಿತ್ತು. ಕಣ್ಣಿಟ್ಟು ನೋಡುವವರಿಗೆ ಅಷ್ಟು ಸಾಕಿತ್ತು. ಫೋಟೋಗೆ ಸಾಲಲಿಲ್ಲ. 1850ರ ಜುಲೈನಲ್ಲಿ ಹಾರ್ವರ್ಡ್‌ನಲ್ಲಿ ಬಾಂಡ್ ಮತ್ತು ವಿಪಲ್ ಅಭಿಜಿತ್ ನಕ್ಷತ್ರದ ಫೋಟೋ ತೆಗೆದರು. ಸೂರ್ಯನನ್ನು ಬಿಟ್ಟರೆ ನಕ್ಷತ್ರವೊಂದರ ಮೊದಲ ಫೋಟೋ ಅದು. ಸುಮಾರು 100 ಸೆಕೆಂಡ್ ಹಿಡಿಯಿತು. ಆದರೆ ತಿರುಗಿಸುವ ಯಂತ್ರ ತಡವರಿಸುತ್ತಿತ್ತು. 1857ರಲ್ಲಿ, ಸುಧಾರಿಸಿದ ಯಂತ್ರ ಬಂದ ಮೇಲೆ, ಅದೇ ಹಾರ್ವರ್ಡ್‌ನಲ್ಲಿ ಒಂದು ಜೋಡಿ ನಕ್ಷತ್ರದ ಫೋಟೋ ಬಂತು. ಯಾವ ಜೋಡಿ ಅಂತೀರಿ? ನಮ್ಮ ಮದುವೆಗಳಲ್ಲಿ ಹೊಸ ಜೋಡಿಗೆ ತೋರಿಸುವ ವಸಿಷ್ಠ-ಅರುಂಧತಿ!

ಆಗಿನ ಫೋಟೋ ಗಾಜು ಒದ್ದೆಯಿರುವಾಗಲೇ ಕೆಲಸ ಮುಗಿಯಬೇಕಿತ್ತು. ಒಣಗಿದರೆ ಕೆಟ್ಟಿತು. ಹಾಗಾಗಿ ಗಂಟೆಗಟ್ಟಲೆ ತೆರೆದಿಡುವ ಮಾತೇ ಇರಲಿಲ್ಲ. 1870ರ ದಶಕದಲ್ಲಿ ಒಣ ಗಾಜಿನ ಪ್ಲೇಟ್ ಬಂದ ಮೇಲೆ ಆಟವೇ ಬದಲಾಯಿತು. 1880ರಲ್ಲಿ ಹೆನ್ರಿ ಡ್ರೇಪರ್ 51 ನಿಮಿಷ ತೆರೆದಿಟ್ಟು ಮಹಾವ್ಯಾಧನ ನೀಹಾರಿಕೆ ಹಿಡಿದರು.

ನಮಗೆ ಹೆಚ್ಚು ಹಿಡಿಸಿದ್ದು 1882ರ ಕತೆ. ಆ ವರ್ಷ ಹಗಲಲ್ಲೂ ಕಾಣುವಷ್ಟು ಪ್ರಖರವಾದ ಧೂಮಕೇತು ಬಂದಿತ್ತು. ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದ ಡೇವಿಡ್ ಗಿಲ್ ಅದರ ಫೋಟೋ ತೆಗೆಯಬೇಕೆಂದರೆ ಅವರ ಬಳಿ ತಕ್ಕ ಕ್ಯಾಮೆರಾ ಇಲ್ಲ. ಪಕ್ಕದ ಊರಿನ ಫೋಟೋಗ್ರಾಫರ್ ಒಬ್ಬರ ನೆರವು ಪಡೆದರು. ಜನರ ಮುಖದ ಫೋಟೋ ತೆಗೆಯುವ ಕ್ಯಾಮೆರಾವನ್ನೇ ದೂರದರ್ಶಕದ ಬೆನ್ನಿಗೆ ಕಟ್ಟಿದರು. ದೂರದರ್ಶಕ ತಿರುಗಿದಂತೆ ಕ್ಯಾಮೆರಾವೂ ತಿರುಗಿತು. ಧೂಮಕೇತು ಬಂತು, ಅದರ ಹಿಂದೆ ರಾಶಿ ನಕ್ಷತ್ರಗಳೂ ಬಂದವು. ಹಾಗಾದರೆ ಇಡೀ ಆಕಾಶದ ನಕ್ಷೆಯನ್ನೇ ಫೋಟೋದಲ್ಲಿ ಮಾಡಬಹುದಲ್ಲ ಎಂಬ ಯೋಚನೆಗೆ ಅದು ಬಲ ಕೊಟ್ಟಿತು. 1887ರಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶದವರು ಕೂತು ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡರು. ಅದರಲ್ಲಿ ಒಂದು ಪಟ್ಟಿ ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಪಾಲಿಗೆ ಬಂತು. ಅಲ್ಲಿನ 8 ಇಂಚಿನ ಫೋಟೋ ದೂರದರ್ಶಕದಲ್ಲಿ ತೆಗೆದ ಪ್ಲೇಟ್‌ಗಳಿಂದ ಲಕ್ಷಗಟ್ಟಲೆ ನಕ್ಷತ್ರಗಳ ಜಾಗ ಗುರುತಿಸಿದರು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ರಾಜ್ಯದಲ್ಲೇ ಇದ್ದವು.

ಬರ್ನಾರ್ಡ್‌ಗೆ ಮರಳೋಣ. ಧೂಮಕೇತು ಹುಡುಕಿ ಹೆಸರು ಮಾಡಿ, ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯ ಸೇರಿದ್ದರು. 1889ರಲ್ಲಿ ಅವರು ಹಿಡಿದದ್ದೂ ಮುಖದ ಫೋಟೋಗೆಂದು ಮಾಡಿದ ಹಳೇ ಮಸೂರವನ್ನೇ. ಯಂತ್ರವನ್ನು ಪೂರ್ತಿ ನಂಬುವಂತಿರಲಿಲ್ಲ. ಪಕ್ಕದ ದೂರದರ್ಶಕಕ್ಕೆ ಕಣ್ಣಿಟ್ಟು, ಒಂದು ನಕ್ಷತ್ರ ತಂತಿಯ ಗುರುತಿನಿಂದ ಕದಲದಂತೆ ಗಂಟೆಗಟ್ಟಲೆ ಕೈಯಿಂದ ಸರಿಪಡಿಸುತ್ತಾ ಕೂತರು. ಚಳಿಯಲ್ಲಿ ಎದ್ದು ಹೋಗುವಂತಿಲ್ಲ. ಮಾಳಿಗೆ ಮೇಲಿನ ಅದೇ ಕೆಲಸ, ಸೂರ್ಯನ ಜಾಗದಲ್ಲಿ ನಕ್ಷತ್ರ.

ಆ ಫೋಟೋಗಳಲ್ಲಿ ಆಕಾಶಗಂಗೆ ಮೋಡಮೋಡವಾಗಿ ಕಂಡಿತು, ನಡುನಡುವೆ ಕಪ್ಪು ಕಲೆಗಳು. ಅವು ನಕ್ಷತ್ರವಿಲ್ಲದ ತೂತುಗಳೆಂದೇ ಬರ್ನಾರ್ಡ್ ಮೊದಲು ಅಂದುಕೊಂಡಿದ್ದರು. ಬಹಳ ವರ್ಷ ಫೋಟೋ ನೋಡಿ ನೋಡಿ ಮನಸ್ಸು ಬದಲಾಯಿಸಿದರು: ಹಿಂದಿನ ಬೆಳಕನ್ನು ಏನೋ ಮರೆಮಾಡುತ್ತಿದೆ. 1919ರಲ್ಲಿ ಅಂಥ 182 ಕಲೆಗಳ ಪಟ್ಟಿ ಪ್ರಕಟಿಸಿದರು. ಅವು ದೂಳಿನ ಮೋಡಗಳೆಂದು ಇಂದು ಗೊತ್ತು. ಕ್ಯಾಮೆರಾ ಅಷ್ಟು ಹೊತ್ತು ಕದಲದೆ ನಕ್ಷತ್ರದ ಹಿಂದೆ ಹೋಗದಿದ್ದರೆ ಅವು ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲವೂ ದೊಡ್ಡವರ ಕಟ್ಟಡದೊಳಗಿನ ಕಬ್ಬಿಣ, ಹಿತ್ತಾಳೆ. ಹೊತ್ತುಕೊಂಡು ಕತ್ತಲಿರುವ ಊರಿಗೆ ಹೋಗುವಂತಿರಲಿಲ್ಲ. 1975ರ ಏಪ್ರಿಲ್‌ನಲ್ಲಿ ಸ್ಕೈ ಅಂಡ್ ಟೆಲಿಸ್ಕೋಪ್ ಪತ್ರಿಕೆಯಲ್ಲಿ ಸ್ಕಾಟ್ಲೆಂಡಿನ ಹವ್ಯಾಸಿ ಜಾರ್ಜ್ ಹೇಗ್ ಒಂದು ಸರಳ ಸಾಧನ ವಿವರಿಸಿದರು. ಎರಡು ಹಲಗೆ, ಒಂದು ಕೀಲು, ಒಂದು ಉದ್ದ ಬೋಲ್ಟ್. ಇದಕ್ಕೆ ಬಾರ್ನ್ ಡೋರ್ ಎಂಬ ಹೆಸರು ನಿಂತಿತು, ಅಂದರೆ ಕಣಜದ ಬಾಗಿಲು.

ಕೆಳಗಿನ ಹಲಗೆ ಟ್ರೈಪಾಡಿಗೆ, ಮೇಲಿನದರ ಮೇಲೆ ಕ್ಯಾಮೆರಾ. ಉತ್ತರಕ್ಕೆ ಮುಖ ಮಾಡಿ ನಿಂತರೆ ಕೀಲು ಎಡಗಡೆ ಇರಬೇಕು, ಅದರ ಗೆರೆ ನೇರ ಧ್ರುವಕ್ಕೆ ಗುರಿ ಇಡಬೇಕು. ಬೋಲ್ಟ್ ತಿರುಗಿಸಿದರೆ ಮೇಲಿನ ಹಲಗೆಯ ಬಲ ಅಂಚು ಏಳುತ್ತದೆ. ಒಂದು ಸುತ್ತಿಗೆ 1 ಮಿಲಿಮೀಟರ್ ಏರುವ ಬೋಲ್ಟ್ ಆದರೆ ಕೀಲಿನಿಂದ ಸುಮಾರು 228.5 ಮಿಲಿಮೀಟರ್ ದೂರದಲ್ಲಿ ತೂತು ಹಾಕಬೇಕು. ಆಮೇಲೆ ಗಡಿಯಾರ ನೋಡುತ್ತಾ ನಿಮಿಷಕ್ಕೆ ಒಂದು ಸುತ್ತು. 15 ಸೆಕೆಂಡಿಗೆ ಕಾಲು ಸುತ್ತು ಎಂದಿಟ್ಟುಕೊಂಡರೆ ಸುಲಭ. ಬಡಗಿ ಮನೆಯಲ್ಲಿ ಒಂದು ಮಧ್ಯಾಹ್ನದ ಕೆಲಸ.

ಒಂದು ಐಬು ಇತ್ತು. ಬೋಲ್ಟ್ ನೇರ ಹೋಗುತ್ತದೆ, ಹಲಗೆಯ ಅಂಚು ಕಮಾನಿನಂತೆ ಏಳುತ್ತದೆ. ಹೊತ್ತು ಹೆಚ್ಚಾದಂತೆ ಲೆಕ್ಕ ತಪ್ಪುತ್ತದೆ. 1988ರಲ್ಲಿ ಡೇವ್ ಟ್ರಾಟ್ ಇನ್ನೊಂದು ತೋಳು ಸೇರಿಸಿ ಆ ತಪ್ಪನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದರು. ಹಲಗೆಯ ಜಾಗಕ್ಕೆ ಮೋಟರ್, ಹಲ್ಲಿನ ಚಕ್ರಗಳು ಬಂದವು. ಜಪಾನಿನ ವಿಕ್ಸೆನ್ ಕಂಪನಿಯ ಪೊಲಾರಿ 2011ರಲ್ಲಿ ಮಾರುಕಟ್ಟೆಗೆ ಬಂತು, ಆಮೇಲೆ ಸ್ಕೈ-ವಾಚರ್ ಕಂಪನಿಯ ಸ್ಟಾರ್ ಅಡ್ವೆಂಚರರ್. ಎರಡರೊಳಗೂ ಮುಖ್ಯ ಚಕ್ರಕ್ಕೆ 144 ಹಲ್ಲು. ಒಂದು ಹಲ್ಲು ದಾಟಲು ಹತ್ತು ನಿಮಿಷ ಹತ್ತಿರ. ಬೆಲೆ ಒಳ್ಳೆ ಮೊಬೈಲಿನಷ್ಟು. ಅದಕ್ಕೇ ನಾವು ಹಲಗೆಯ ಕತೆಯನ್ನು ಇಷ್ಟುದ್ದ ಹೇಳಿದ್ದು.

ಈಗ ಮೊಬೈಲ್ ಸಾಲದೇ ಎನ್ನಬಹುದು. 2019ರಲ್ಲಿ ಗೂಗಲ್ ಪಿಕ್ಸೆಲ್ ಫೋನಿಗೆ ನಕ್ಷತ್ರದ ಫೋಟೋ ವ್ಯವಸ್ಥೆ ಬಂತು. 16 ಸೆಕೆಂಡಿನವರೆಗಿನ 15 ಚಿತ್ರ ತೆಗೆದು, ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಒಂದಾಗಿಸುತ್ತದೆ. ಬರ್ನಾರ್ಡ್ ಕೈಯ ಕೆಲಸವನ್ನು ಇಲ್ಲಿ ಲೆಕ್ಕ ಮಾಡುತ್ತದೆ. ಆಕಾಶಗಂಗೆ ಬೀಳುತ್ತದೆ, ನಿಜ. ಮಂಕು ನೀಹಾರಿಕೆಯನ್ನು ದೊಡ್ಡ ಮಸೂರದಲ್ಲಿ ಹಿಡಿಯಬೇಕೆಂದರೆ ಕ್ಯಾಮೆರಾ ತಿರುಗುವುದೇ ವಾಸಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹೇಗ್ ಅವರ ಸ್ಕಾಟ್ಲೆಂಡಿನಲ್ಲಿ ಧ್ರುವ 56 ಡಿಗ್ರಿ ಆಸುಪಾಸು, ನೆತ್ತಿಯ ಕಡೆಗೇ. ಊರು ಎಷ್ಟು ಅಕ್ಷಾಂಶದಲ್ಲಿದೆಯೋ ಧ್ರುವ ಅಷ್ಟೇ ಎತ್ತರ. ಬೆಂಗಳೂರಿನಲ್ಲಿ 13, ಬೀದರಿನಲ್ಲಿ 18 ಡಿಗ್ರಿ ಹತ್ತಿರ. ಒಂದು ಗುಡ್ಡ, ಒಂದು ತೆಂಗಿನ ತೋಪು, ಸ್ವಲ್ಪ ಮಂಜು ಸಾಕು, ಧ್ರುವ ಮಾಯ.

ಬೆಳಕೂ ಹಾಗೆಯೇ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ 2 ಮೀಟರಿನ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದರು. ರಾತ್ರಿಯ ಬೆಳಕಿಗೆ ಅಲ್ಲಿ ಕಡಿವಾಣವಿದೆ, ಹಳ್ಳಿಯವರಿಗೇ ದೂರದರ್ಶಕ ಕೊಟ್ಟು, ಬಂದವರಿಗೆ ಆಕಾಶ ತೋರಿಸಲು ಕಲಿಸಿದ್ದಾರೆ. ನಮ್ಮ ಊರುಗಳಲ್ಲಿ ಬಸ್ ಸ್ಟ್ಯಾಂಡಿಗೊಂದು, ದೇವಸ್ಥಾನಕ್ಕೊಂದು ಹೈಮಾಸ್ಟ್ ದೀಪ ಏಳುತ್ತಿದೆ. ದಾರಿಗೆ ಬೆಳಕು ಬೇಕೇ ಬೇಕು, ಆ ಬಗ್ಗೆ ತಕರಾರಿಲ್ಲ. ಆದರೆ ದೀಪ ಊರಿನ ಉತ್ತರಕ್ಕೆ ನಿಂತು ಅದರ ಮುಖ ಮೇಲಕ್ಕಿದ್ದರೆ, ಹಲಗೆಯ ಕೀಲಿಗೆ ಗುರಿ ಸಿಗುವುದಿಲ್ಲ. ಅಮಾವಾಸ್ಯೆ ಹತ್ತಿರದ ರಾತ್ರಿ, ಕರೆಂಟ್ ಹೋದಾಗ, ಉತ್ತರಕ್ಕೆ ತಿರುಗಿ ಕೈ ಚಾಚಿ ಒಂದು ಮುಷ್ಟಿ ಹಿಡಿಯಿರಿ. ಅದು 10 ಡಿಗ್ರಿ. ನೆಲದ ಅಂಚಿನಿಂದ ಒಂದೂವರೆ ಮುಷ್ಟಿ ಮೇಲೆ ಒಂಟಿಯಾಗಿರುವುದೇ ಧ್ರುವ.