ಟ್ವಿನ್ ಪೀಕ್ಸ್, ಎರಡನೆಯ ಸೀಸನ್: ವೀಕ್ಷಕರ ಪ್ರತಿಕ್ರಿಯೆ

ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೃಷ್ಟಿಸಿದ ಅಮೆರಿಕದ ಮನೋವೈಜ್ಞಾನಿಕ ರಹಸ್ಯ ಧಾರಾವಾಹಿಯ ಎರಡನೆಯ ಭಾಗ ಇದು. ಎಬಿಸಿ ವಾಹಿನಿಯಲ್ಲಿ 1990ರ ಸೆಪ್ಟೆಂಬರ್ 30ರಿಂದ 1991ರ ಜೂನ್ 10ರವರೆಗೆ 22 ಕಂತುಗಳಲ್ಲಿ ಪ್ರಸಾರವಾಯಿತು. 1990ರ ಏಪ್ರಿಲ್‌ನಲ್ಲಿ ಧಾರಾವಾಹಿಯ ಮೊಟ್ಟಮೊದಲ ಕಂತನ್ನು ಮೂರು ಕೋಟಿಗೂ ಹೆಚ್ಚು ಜನ ನೋಡಿದ್ದರು. ವರ್ಷ ತುಂಬುವ ಮೊದಲೇ ಆ ಉತ್ಸಾಹ ಬಹುಪಾಲು ಇಳಿದಿತ್ತು.

ಕುಸಿತಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಕಥೆಯ ಕೇಂದ್ರವಾದ ಕೊಲೆಗೆ ಬಲಿಯಾದ ಹುಡುಗಿ ಲಾರಾ ಪಾಮರ್‌ಳ ಕೊಲೆಗಾರ ಯಾರೆಂದು ಬೇಗ ಹೇಳಿಬಿಟ್ಟದ್ದು. ಲಿಂಚ್‌ಗೆ ಆ ಗುಟ್ಟು ಬಿಚ್ಚುವ ಮನಸ್ಸಿರಲಿಲ್ಲ. ವಾಹಿನಿ ಪಟ್ಟು ಹಿಡಿಯಿತು. ಇದು ನಿಜವಾದರೂ ಅರ್ಧ ಉತ್ತರ ಮಾತ್ರ. ಪ್ರಸಾರದ ವೇಳಾಪಟ್ಟಿಯನ್ನೂ ನೋಡಬೇಕು. ಮೊದಲ ಸೀಸನ್ ಹೆಚ್ಚಾಗಿ ಗುರುವಾರಗಳಂದು ಬಂದಿತ್ತು. ಮರುದಿನ ಕಚೇರಿಯಲ್ಲಿ ಅದೇ ಮಾತು. ಎರಡನೆಯದನ್ನು, ಭಾನುವಾರದ ಆರಂಭದ ಬಳಿಕ, ಶನಿವಾರ ರಾತ್ರಿ ಹತ್ತಕ್ಕೆ ಸರಿಸಲಾಯಿತು. ಧಾರಾವಾಹಿಯನ್ನು ಹೆಚ್ಚು ಮೆಚ್ಚಿದ್ದ ಯುವಜನ ಆ ಹೊತ್ತಿಗೆ ಮನೆಯಲ್ಲಿರುವುದೇ ಅಪರೂಪ. 1991ರ ಆರಂಭದ ಕೊಲ್ಲಿ ಯುದ್ಧದ ಸುದ್ದಿಗಳಿಂದಲೂ ಪ್ರಸಾರದ ಲಯ ತಪ್ಪಿತು. ಫೆಬ್ರುವರಿ 16ರ ನಂತರ ವಾಹಿನಿ ಧಾರಾವಾಹಿಯನ್ನು ತಡೆಹಿಡಿದಾಗ ಅಭಿಮಾನಿಗಳು ಸಂಘಟಿತರಾಗಿ ಪತ್ರ ಚಳವಳಿ ನಡೆಸಿದರು. ಮಾರ್ಚ್ 28ರಂದು ಅದು ಗುರುವಾರಕ್ಕೆ ಮರಳಿತು. ನಾಲ್ಕು ಕಂತುಗಳ ಬಳಿಕ ಮತ್ತೆ ನಿಂತು, ಉಳಿದೆರಡನ್ನು ಜೂನ್ 10ರಂದು ಒಟ್ಟಿಗೆ ತೋರಿಸಿ ಮುಗಿಸಲಾಯಿತು. ವಾರಕ್ಕೊಮ್ಮೆ ಎಳೆ ಹಿಡಿದು ನೋಡಬೇಕಾದ ಕಥೆಗೆ ಇಷ್ಟು ಅಡ್ಡಿ ಸಾಕಿತ್ತು.

ಲಿಂಚ್ ನಿರ್ದೇಶಿಸಿದ, 1990ರ ನವೆಂಬರ್ 10ರಂದು ಬಂದ ಕಂತಿನ ಬಗ್ಗೆ ಮಾತ್ರ ಅಭಿಪ್ರಾಯಭೇದ ಕಡಿಮೆ. ಕೊಲೆಗಾರ ತಂದೆ ಲೀಲೆಂಡ್ ಪಾಮರ್ ಎಂದು ತಿಳಿಯುವ, ಲಾರಾಳನ್ನೇ ಹೋಲುವ ಮ್ಯಾಡಿ ಸಾಯುವ ದೃಶ್ಯದ ಕ್ರೌರ್ಯ ಆಗಿನ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿತು. ಲೀಲೆಂಡ್ ಆಗಿ ರೇ ವೈಸ್‌ನ ಅಭಿನಯವನ್ನು ಇಂದಿಗೂ ಹೊಗಳುತ್ತಾರೆ. ಡಿಸೆಂಬರ್ 1ರ ಕಂತಿನಲ್ಲಿ ಲೀಲೆಂಡ್ ಸತ್ತ ಮೇಲೆ ಕಥೆಗೆ ಬೆನ್ನೆಲುಬಿಲ್ಲದಾಯಿತು. ಲಾರಾಳ ಪ್ರಿಯಕರ ಜೇಮ್ಸ್ ಮತ್ತು ಎವೆಲಿನ್‌ಳ ಪ್ರಕರಣ, ಅನಾಥ ಬಾಲಕ ಪುಟ್ಟ ನಿಕಿ, ಅಂತರ್ಯುದ್ಧದ ಸೇನಾನಿ ತಾನೆಂದು ಭ್ರಮಿಸುವ ಉದ್ಯಮಿ ಬೆನ್ ಹಾರ್ನ್: ದೂರುಗಳು ಬಹುತೇಕ ಈ ಮೂರು ಉಪಕಥೆಗಳ ಸುತ್ತಲೇ. ಕೊಲೆಯ ತನಿಖೆಗೆ ಬಂದ ಎಫ್‌ಬಿಐ ಏಜೆಂಟ್ ಕೂಪರ್‌ನ ಹಳೆಯ ಜೊತೆಗಾರ ವಿಂಡಮ್ ಅರ್ಲ್‌ನ ಚದುರಂಗ ಕೆಲವರಿಗೆ ಹಿಡಿಸಿತು. ಅವನು, ಲೀಲೆಂಡ್‌ನನ್ನು ಆವರಿಸಿದ್ದ ದುಷ್ಟಶಕ್ತಿ ಬಾಬ್‌ನಷ್ಟು ಭಯ ಹುಟ್ಟಿಸಲಿಲ್ಲ ಎಂಬವರೇ ಹೆಚ್ಚು.

ಆಗಿನ ಕಂಪ್ಯೂಟರ್ ಜಾಲಗಳಲ್ಲಿ ನಡೆದ ಚರ್ಚೆಗಳನ್ನು ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ ಅಧ್ಯಯನ ಮಾಡಿದ್ದಾರೆ. ವಿಸಿಆರ್‌ನಲ್ಲಿ ಮುದ್ರಿಸಿಕೊಂಡು ದೃಶ್ಯದಿಂದ ದೃಶ್ಯಕ್ಕೆ ಸುಳಿವು ಹುಡುಕುತ್ತಿದ್ದ ಈ ವೀಕ್ಷಕರಿಗೆ ಲಿಂಚ್ ಎಲ್ಲವನ್ನೂ ಮೊದಲೇ ಯೋಜಿಸಿದ ಚತುರನೆಂಬ ನಂಬಿಕೆ. ಕಥೆ ಸಡಿಲವಾದಾಗ ಅವರಿಗಾದ ನಿರಾಶೆಗೆ ಆ ನಂಬಿಕೆಯೂ ಒಂದು ಕಾರಣವಿರಬಹುದು.

ಕೊನೆಯ ಕಂತಿಗೆ ಲಿಂಚ್ ಮರಳಿದರು. ಕಥೆಯ ಪಾರಲೌಕಿಕ ತಾಣವಾದ ಬ್ಲ್ಯಾಕ್ ಲಾಡ್ಜ್‌ನ ಭಾಗವನ್ನು ಬರೆದಿದ್ದ ಚಿತ್ರಕಥೆ ಬಿಟ್ಟು ಹೆಚ್ಚಾಗಿ ತಾವೇ ಹೊಸದಾಗಿ ಕಟ್ಟಿದರು. ಕನ್ನಡಿಯಲ್ಲಿ ಕೂಪರ್‌ನ ಬದಲು ಬಾಬ್ ಕಾಣುವ ಅಂತ್ಯಕ್ಕೆ ಉತ್ತರವಿಲ್ಲವೆಂದು ಆಗ ಅನೇಕರು ಸಿಟ್ಟಾದರು. 1992ರ ಟ್ವಿನ್ ಪೀಕ್ಸ್ ಚಲನಚಿತ್ರ ಮುಖ್ಯವಾಗಿ ಹಿಂದಿನ ಕಥೆಗೇ ಹೋದದ್ದು ಸಿಟ್ಟನ್ನು ಹೆಚ್ಚಿಸಿತು. ಇಂದು ಅದೇ ಕಂತು ದೂರದರ್ಶನದ ಅತ್ಯುತ್ತಮ ಗಳಿಗೆಗಳಲ್ಲಿ ಒಂದೆಂದು ಎಣಿಸಲ್ಪಡುತ್ತದೆ. ನಡುವಿನ ಕಂತುಗಳಿಗೆ ಆ ಅದೃಷ್ಟವಿಲ್ಲ. ಡೇವಿಡ್ ಡುಕೊವ್ನಿ ನಟಿಸಿದ ಡೆನಿಸ್ ಬ್ರೈಸನ್ ಮಾತ್ರ ಅಪವಾದ. ತೃತೀಯಲಿಂಗಿ ಅಧಿಕಾರಿಯನ್ನು ಸಹೋದ್ಯೋಗಿಗಳು ಗೌರವದಿಂದ ಕಾಣುವ ಆ ಪಾತ್ರವನ್ನು ಹೊಸ ಪ್ರೇಕ್ಷಕರು ಬಹುವಾಗಿ ಮೆಚ್ಚಿದರು. 2017ರ 18 ಕಂತುಗಳ ಮುಂದುವರಿಕೆಯಲ್ಲಿ ಅದು ಎಫ್‌ಬಿಐನ ಹಿರಿಯ ಹುದ್ದೆಗೇರಿ ಮರಳಿತು.